ವಾಟರ್ ಪರೇಡಿನಲ್ಲಿ ಕುಡಿಯದ ನೀರು

ತಂಜಾಂಗ್ ಪಗಾರ್‌ನಲ್ಲಿರುವ ನಮ್ಮ ಬ್ಯಾಂಕಿನಲ್ಲಿ ನಮ್ಮ ಮಹಡಿಗೆ ನಾನೇ ಫೈರ್ ವಾರ್ಡನ್. ಆ ಪದವಿ ನನಗೆ ಯೋಗ್ಯತೆಯಿಂದ ಸಿಕ್ಕಿದ್ದಲ್ಲ. ಯಾರು ಆಗುತ್ತೀರಿ ಎಂದು ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ಫೋನಿನೊಳಗೆ ತಲೆ ಹುದುಗಿಸಿದ್ದರು, ನಾನೊಬ್ಬಳೇ ತಲೆ ಎತ್ತಿದ್ದೆ, ಅಷ್ಟೇ. ಆಗಾಗ ಅಣಕು ಗಂಟೆ ಹೊಡೆಯುತ್ತದೆ. ನಾನು ಹಳದಿ ಜಾಕೆಟ್ ಏರಿಸಿ, ಕೈಯಲ್ಲಿ ಪುಟ್ಟ ಬಾವುಟ ಹಿಡಿದು, ‘ಲಿಫ್ಟ್ ಬೇಡ, ಮೆಟ್ಟಿಲು, ಮೆಟ್ಟಿಲು’ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಜನ ಕಾಫಿ ಕಪ್ಪು ಹಿಡಿದುಕೊಂಡೇ ಮದುವೆಯ ದಿಬ್ಬಣದ ಹಾಗೆ ಹರಟುತ್ತ ಇಳಿಯುತ್ತಾರೆ. ಕೆಳಗೆ ತಲೆ ಎಣಿಸಿ, ಸಹಿ ಹಾಕಿ, ಮತ್ತೆ ಮೇಲೆ ಹೋಗಿ ಕಂಪ್ಯೂಟರ್ ಮುಂದೆ ಕೂರುವುದು. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ.

ಒಮ್ಮೆ ಕಟ್ಟಡದ ಮೇಲ್ವಿಚಾರಕರನ್ನು ಕೇಳಿಯೇಬಿಟ್ಟೆ, ಗೋಡೆಗೆ ಸುತ್ತಿಟ್ಟಿರುವ ಆ ಹೋಸ್ ಪೈಪನ್ನು ಒಂದು ಸಲ ಬಿಚ್ಚಿ ನೋಡಲೇ ಅಂತ. ಅವರು ಗಾಬರಿಯಾದರು. ಅದಕ್ಕೆ ಸೀಲ್ ಹಾಕಿದೆ, ಮುಟ್ಟುವ ಹಾಗಿಲ್ಲ ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೆಂಕಿ ಬಿದ್ದ ದಿನ ಮೊದಲ ಸಲ ಮುಟ್ಟಿದರೆ ಬಳಸಲು ಬರುತ್ತದೆಯೇ ಎಂದು ಅಲ್ಲೇ ಜಗಳ ತೆಗೆದೆ. ಅವರು ನಕ್ಕು ಹೊರಟುಹೋದರು. ಆ ನಗು ಎಷ್ಟೋ ದಿನ ನನ್ನ ತಲೆ ಕೊರೆಯಿತು.

ಆಮೇಲೊಂದು ದಿನ ಎಂಆರ್‌ಟಿಯಲ್ಲಿ ಮನೆಗೆ ಬರುವಾಗ ರೈಲಿನ ಗೋಡೆಯ ಮೇಲೆ ಒಂದು ಜಾಹೀರಾತು ಕಂಡಿತು. ನೌಕಾಪಡೆಯ ಸ್ವಯಂಸೇವಕರಾಗಿ ಬನ್ನಿ, ಹೆಂಗಸರೂ ಬರಬಹುದು, ಹೊರದೇಶದಿಂದ ಬಂದು ನೆಲೆಸಿದವರೂ ಬರಬಹುದು. ಮಾಮೂಲಿ ನೌಕರಿ ಬಿಡಬೇಕಿಲ್ಲ, ವರ್ಷದಲ್ಲಿ ಕೆಲವು ದಿನ ಕೊಟ್ಟರೆ ಸಾಕು. ಕೆಲಸಗಳ ಸಾಲಿನಲ್ಲಿ ಒಂದು, ಹಡಗಿನಲ್ಲಿ ಬೆಂಕಿ ಆರಿಸುವುದು. ನಾನು ಇಳಿಯಬೇಕಾದ ಕಲ್ಲಾಂಗ್ ನಿಲ್ದಾಣ ಹಿಂದೆ ಉಳಿದದ್ದೂ ಗೊತ್ತಾಗಲಿಲ್ಲ.

ಸಂದರ್ಶನದಲ್ಲಿ ಕೂತಿದ್ದ ಅಧಿಕಾರಿ ಒಳ್ಳೆಯವರು. ನನ್ನ ವಯಸ್ಸು ನೋಡಿ, ನಲವತ್ತು ದಾಟಿದ ತಲೆ ನೋಡಿ, ಮೆಡಿಕಲ್ ವಿಭಾಗಕ್ಕೆ ಬಂದರೆ ಹೇಗೆ ಎಂದು ಮೆತ್ತಗೆ ಕೇಳಿದರು. ಗಾಯಕ್ಕೆ ಪಟ್ಟಿ ಕಟ್ಟುವುದು, ರೋಗಿಗಳನ್ನು ಸ್ಟ್ರೆಚರ್ ಮೇಲೆ ಸಾಗಿಸುವುದು. ‘ಸರ್, ಬ್ಯಾಂಕಿನಲ್ಲಿ ದಿನಾ ಇನ್ನೊಬ್ಬರು ಮಾಡಿದ ಗಾಯಕ್ಕೆ ಪಟ್ಟಿ ಕಟ್ಟುವುದೇ ನನ್ನ ಕೆಲಸ. ಇಲ್ಲಾದರೂ ನನಗೆ ಬೆಂಕಿ ಕೊಡಿ’ ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಈ ನಗು ನನಗೆ ಸಿಟ್ಟು ತರಿಸಲಿಲ್ಲ, ಏಕೆಂದರೆ ನಕ್ಕು ಮುಗಿಸಿ ಅವರು ಬೆಂಕಿಯನ್ನೇ ಕೊಟ್ಟರು.

ಮನೆಯಲ್ಲಿ ಸುದ್ದಿ ಹೇಳಿದಾಗ ಮಗಳು ಸೋಫಾದ ಮೇಲೆ ಹತ್ತಿ ಕುಣಿದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಈ ಪರದೇಶದಲ್ಲೇ, ಮಾತಿನ ಕೊನೆಗೆ ಇಲ್ಲಿಯವರ ಹಾಗೆ ‘ಲಾ’ ಸೇರಿಸುತ್ತಾಳೆ. ‘ಅಮ್ಮಾ, ಯೂನಿಫಾರ್ಮ್ ಕೊಡ್ತಾರಾ? ಸೋ ಕೂಲ್ ಲಾ! ನಮ್ಮ ಸ್ಕೂಲ್‌ಗೆ ಅದ್ರಲ್ಲೇ ಬಾ.’ ನಮ್ಮ ಜೊತೆಗೇ ಇರುವ ಅತ್ತೆ ಕನ್ನಡಕ ಮೇಲೆ ಸರಿಸಿ, ‘ಹಡಗದಾಗ ಸುತ್ತ ನೀರ ಇರ್ತಾವಲ್ಲ, ಅಲ್ಲಿ ಬೆಂಕಿ ಹೆಂಗ ಹತ್ತತೈತಿ?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನನಗೂ ಆಗ ಉತ್ತರ ಗೊತ್ತಿರಲಿಲ್ಲ.

ಗಂಡ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಜುರಾಂಗ್ ಐಲ್ಯಾಂಡಿನ ತೈಲ ಶುದ್ಧೀಕರಣ ಘಟಕವೊಂದರಲ್ಲಿ ಎಂಜಿನಿಯರು. ದಿನಾ ಬೆಳಿಗ್ಗೆ ಕಂಪನಿಯ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಾರೆ. ಊಟ ಮುಗಿಸಿ ಕೈ ತೊಳೆಯುವಾಗ ಅಂದರು, ‘ಬೆಂಕಿ ಅಂದ್ರ ನಿನಗ ಆಟ ಅನಿಸೇತಿ. ನಾ ದಿನಾ ನೋಡ್ತೀನಿ ಅದನ್ನ. ಬ್ಯಾಡ.’

‘ನೀವು ದಿನಾ ನೋಡ್ತೀರಿ, ನಾ ವರ್ಷಕ್ಕ ನಾಕ ದಿನ ನೋಡಿದ್ರ ಏನಾಗ್ತೈತ್ರಿ?’ ಎಂದೆ. ಅವರು ಕೈ ಒರೆಸಿಕೊಂಡು ಟಿವಿ ಹಚ್ಚಿದರು. ಅವರು ಸುಮ್ಮನಾದರೆ ಒಪ್ಪಿದ್ದಾರೆ ಎಂದು ಲೆಕ್ಕ ಹಾಕುವುದು ಮದುವೆಯಾದಾಗಿನಿಂದ ನಾನು ರೂಢಿಸಿಕೊಂಡ ಅನುಕೂಲ.

ಮೊದಲ ಹಂತದ ತರಬೇತಿ ಹಬ್ಬದ ಹಾಗಿತ್ತು. ಬೂಟು, ಟೋಪಿ, ಸಾಲಾಗಿ ನಡೆಯುವುದು, ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡವರ ಜೊತೆ ಹಾಸಿಗೆಯ ಚಾದರ ಸುಕ್ಕಿಲ್ಲದ ಹಾಗೆ ಎಳೆಯುವುದು. ನನ್ನನ್ನು ಆಂಟಿ ಎಂದು ಕರೆಯಬೇಕೋ ಹೆಸರು ಹಿಡಿದು ಕರೆಯಬೇಕೋ ಗೊತ್ತಾಗದೆ ಪಾಪ ಒದ್ದಾಡಿದರು. ಒಬ್ಬ ಚೀನೀ ಹುಡುಗ, ಬೇಕರಿಯಲ್ಲಿ ಕೆಲಸ ಮಾಡುವವನು, ಕೊನೆಗೆ ‘ಆಂಟಿ ರಿಕ್ರೂಟ್’ ಎಂದು ನಾಮಕರಣ ಮಾಡಿದ. ಅದೇ ಉಳಿಯಿತು. ಓಡುವಾಗ ನಾನು ಎಲ್ಲರಿಗಿಂತ ಹಿಂದೆ. ಆದರೆ ಹೋಸ್ ಪೈಪ್ ಜೋಡಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೊಳೆ ನೀರಿನ ಪೈಪು, ಗ್ಯಾಸ್ ಪೈಪು, ವಾಷಿಂಗ್ ಮಷೀನಿನ ಪೈಪು ಎಲ್ಲವನ್ನೂ ಪ್ಲಂಬರ್‌ಗೆ ಕಾಯದೆ ನಾನೇ ಬಿಗಿಮಾಡಿಕೊಂಡು ಬಂದವಳು.

ಇಷ್ಟರಲ್ಲಿ ಅತ್ತೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಡಗಿನ ಹೊಟ್ಟೆಯಲ್ಲಿ ಎಂಜಿನ್ನು, ಎಣ್ಣೆ, ಅಡುಗೆಮನೆ, ವೈರುಗಳು. ಬೆಂಕಿ ಹತ್ತಿದರೆ ಓಡಿಹೋಗಲು ರಸ್ತೆಯಿಲ್ಲ, ಫೈರ್ ಎಂಜಿನ್ ಬರುವುದಿಲ್ಲ. ಹಡಗಿನಲ್ಲಿ ಇರುವವರೇ ಆರಿಸಬೇಕು. ಅದೂ ಹದವರಿತು. ಹೆಚ್ಚು ನೀರು ಸುರಿದರೆ ಬೆಂಕಿ ಆರುತ್ತದೆ, ಆದರೆ ಒಳಗೆ ನಿಂತ ನೀರಿನ ಭಾರಕ್ಕೆ ಹಡಗೇ ವಾಲುತ್ತದೆ. ಹಾಗಾಗಿ ಒಬ್ಬರು ನೀರು ಬಿಡುತ್ತಿದ್ದರೆ ಇನ್ನೊಬ್ಬರು ನೀರು ಹೊರಹಾಕುತ್ತಿರಬೇಕು. ಇದನ್ನು ಕಲಿತ ದಿನ ಮನೆಗೆ ಬಂದು ಅತ್ತೆಗೆ ಸ್ನಾನದ ಬಕೆಟ್ಟಿನಲ್ಲಿ ತಟ್ಟೆ ತೇಲಿಸಿ, ತಟ್ಟೆಗೆ ನೀರು ಸುರಿದು ತೋರಿಸಿದೆ. ಅವರು ಇನ್ನೊಂದು ಸಲ ಮಾಡು ಎಂದರು.

ತೊಂದರೆ ಶುರುವಾದದ್ದು ನಿಜವಾದ ಬೆಂಕಿಯ ದಿನ. ಹಡಗಿನ ಹಾಗೆಯೇ ಕಟ್ಟಿದ ಉಕ್ಕಿನ ಕಟ್ಟಡವೊಂದಿದೆ. ಒಳಗೆ ಕೋಣೆಗಳು, ಕಡಿದಾದ ಏಣಿಗಳು, ಎಂಜಿನ್ ಕೋಣೆ, ಎಲ್ಲ ಹಡಗಿನದೇ ರೀತಿ. ಅಲ್ಲಿ ಬೆಂಕಿ ಹೊತ್ತಿಸುತ್ತಾರೆ, ನಾವು ಆರಿಸಬೇಕು. ಅದನ್ನು ದಾಟಿದವರಿಗೆ ಮಾತ್ರ ಬೆಂಕಿ ತಂಡದಲ್ಲಿ ಜಾಗ. ಹಿಂದಿನ ದಿನ ನಮ್ಮ ಸಾರ್ಜೆಂಟ್ ನಿಯಮ ಓದಿದಳು. ಮಲಯ್ ಹೆಂಗಸು, ನನಗಿಂತ ಚಿಕ್ಕವಳು, ಕುಳ್ಳಿ, ದನಿ ಮಾತ್ರ ಹಡಗಿನ ಸೈರನ್ನು. ಅವಳ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ, ‘ಲಾ’ ಮಾತ್ರ ಅವಳದ್ದೇ ಎಂದುಕೊಳ್ಳಿ. ‘ಮೈಮೇಲೆ ಲೋಹ ಬೇಡ. ಉಂಗುರ, ಸರ, ಬಳೆ, ದಾರ, ತಾಯಿತ, ಯಾವುದೂ ಬೇಡ. ಲೋಹ ಕಾದರೆ ಸುಡುತ್ತೆ. ದಾರ ಸಿಲಿಂಡರಿನ ಬೆಲ್ಟಿಗೆ ಸಿಕ್ಕರೆ ಕುತ್ತಿಗೆ ಬಿಗಿಯುತ್ತೆ. ಯಾರಿಗೂ ವಿನಾಯಿತಿ ಇಲ್ಲ ಲಾ.’

ತಾಳಿ, ಬಳೆ ತೆಗೆಯಲು ನನಗೇನೂ ಅನಿಸಲಿಲ್ಲ. ಆದರೆ ನನ್ನ ಕೊರಳಲ್ಲಿ ಇಷ್ಟಲಿಂಗವಿದೆ. ಚಿಕ್ಕವಳಿದ್ದಾಗ ದೀಕ್ಷೆ ಕೊಟ್ಟು ಕಟ್ಟಿದ್ದು. ದಿನಾ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ ಪೂಜೆ ಮಾಡಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತೇನೆ. ನಾನು ದೊಡ್ಡ ಭಕ್ತಳೇನಲ್ಲ. ಪೂಜೆಯ ಹೊತ್ತಿನಲ್ಲೂ ಅರ್ಧ ಕಣ್ಣು ಒಲೆಯ ಮೇಲಿನ ಹಾಲಿನ ಕಡೆಗಿರುತ್ತದೆ. ಆದರೂ ಅದನ್ನು ಬಿಟ್ಟು ಹೊಸ್ತಿಲು ದಾಟಿದವಳಲ್ಲ. ಮಗಳು ಹುಟ್ಟಿದಾಗಲೂ ಹೆರಿಗೆ ಕೋಣೆಯಲ್ಲಿ ನರ್ಸಮ್ಮ ಅದನ್ನು ತೋಳಿಗೆ ಕಟ್ಟಿಕೊಳ್ಳಲು ಬಿಟ್ಟಿದ್ದಳು. ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲೇ ಎಂದು ಸಾರ್ಜೆಂಟಳನ್ನೂ ಕೇಳಿದೆ. ‘ಯಾವುದೂ ಬೇಡ ಅಂದರೆ ಯಾವುದೂ ಬೇಡ’ ಎಂದಳು.

ನನ್ನ ಅಜ್ಜಿಯ ಮಾತು ಚಿಕ್ಕಂದಿನಿಂದ ತಲೆಯಲ್ಲಿ ಕೂತುಬಿಟ್ಟಿತ್ತು. ‘ಲಿಂಗ ಮೈಮ್ಯಾಲ ಇಲ್ದಾಗ ಹನಿ ನೀರೂ ಬಾಯಿಗೆ ಹಾಕಬಾರದು.’ ಸರಿ, ಅಷ್ಟೇ ತಾನೆ ಎಂದುಕೊಂಡೆ. ಲಿಂಗ ತೆಗೆದು ಲಾಕರಿನಲ್ಲಿಡುವುದು, ಬೆಂಕಿ ಆರಿಸುವುದು, ಮತ್ತೆ ಹಾಕಿಕೊಂಡು ಊಟ ಮಾಡುವುದು. ಅರ್ಧ ದಿನದ ಮಾತು. ಶಿವರಾತ್ರಿಗೆ ಇಡೀ ದಿನ ಉಪವಾಸ ಇರುವವಳಿಗೆ ಇದೇನು ಮಹಾ? ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡನಿಗೆ ಬೇಡ ಎನ್ನಲು ಇನ್ನೊಂದು ನೆಪ ಸಿಗುತ್ತದೆ.

ಇಲ್ಲಿನ ಸೇನೆಯಲ್ಲಿ ವಾಟರ್ ಪರೇಡ್ ಎಂಬ ಪದ್ಧತಿ ಇದೆ ಎಂಬುದನ್ನು ನಾನು ಮರೆತಿದ್ದೆ. ಈ ಊರಿನ ಬಿಸಿಲಿಗೆ ಜನ ಬೀಳಬಾರದೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾರೆ. ಎಲ್ಲರ ಕೈಯಲ್ಲೂ ತುಂಬಿದ ಬಾಟಲಿ. ‘ಕುಡಿಯಿರಿ’ ಎಂದು ಆಜ್ಞೆಯಾದ ಕೂಡಲೇ ಎಲ್ಲರೂ ಒಟ್ಟಿಗೆ ಕುಡಿದು ಖಾಲಿ ಮಾಡಬೇಕು. ಆಮೇಲೆ ಖಾಲಿಯಾಗಿದೆ ಎಂದು ತೋರಿಸಲು ಬಾಟಲಿಯನ್ನು ತಮ್ಮ ತಲೆಯ ಮೇಲೆಯೇ ಬೋರಲು ಹಾಕಬೇಕು. ಉಳಿಸಿದವರಿಗೆ ಅಲ್ಲೇ ಅಭಿಷೇಕ.

ಆಜ್ಞೆಯಾಯಿತು. ನಾನು ಹಿಂದಿನ ಸಾಲಿನಲ್ಲಿದ್ದೆ. ಬಾಟಲಿಯನ್ನು ಬಾಯಿಗಿಟ್ಟು, ತುಟಿ ಗಟ್ಟಿಯಾಗಿ ಮುಚ್ಚಿ, ಗಂಟಲನ್ನು ಮಾತ್ರ ಗುಟುಕು ಗುಟುಕಾಗಿ ಆಡಿಸಿದೆ. ನೀರೆಲ್ಲ ಗದ್ದದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಅಂಗಿಯೊಳಗೆ ಹರಿಯಿತು. ತಲೆಯ ಮೇಲೆ ಬೋರಲು ಹಾಕಿದಾಗ ಉಳಿದದ್ದೂ ಸುರಿಯಿತು. ಪಕ್ಕದಲ್ಲಿದ್ದ ಬೇಕರಿ ಹುಡುಗ ಕಣ್ಣರಳಿಸಿ ನೋಡಿದ. ‘ಸೆಕೆ’ ಎಂದೆ. ಪಾಪ, ನಂಬಿದ. ಎರಡನೆಯ ಪರೇಡಿನಲ್ಲೂ ಹಾಗೆಯೇ ಮಾಡಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಬೆಂಕಿಯ ಉಡುಪು ದಪ್ಪ ರಜಾಯಿಯ ಹಾಗೆ. ಅದರ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರು, ತಲೆಗೆ ಹೆಲ್ಮೆಟ್ಟು. ಬಿಸಿಲಿನಲ್ಲಿ ಪೈಪು ಹೊತ್ತು ಅಭ್ಯಾಸ ಮಾಡುತ್ತ ಮಾಡುತ್ತ ನನ್ನ ಬೆವರು ನಿಂತುಹೋಯಿತು. ಆಹಾ, ಮೈ ಒಗ್ಗಿಕೊಂಡಿತು ಎಂದುಕೊಂಡೆ. ನಮ್ಮ ತಂಡದ ಸರದಿ ಬಂತು. ಉಕ್ಕಿನ ಬಾಗಿಲು ಎದುರಿಗೇ ಇದೆ, ಒಳಗಿನಿಂದ ಬೆಂಕಿಯ ಸದ್ದು ಕೇಳುತ್ತಿದೆ, ಇಷ್ಟು ದಿನ ಕಾದಿದ್ದು ಇದಕ್ಕೇ. ಒಂದು ಹೆಜ್ಜೆ ಇಟ್ಟೆ. ಬಾಗಿಲು ಎರಡಾಯಿತು. ಆಮೇಲೆ ಆಕಾಶ ಕಂಡಿತು.

ಕಣ್ಣು ಬಿಟ್ಟಾಗ ನೆರಳಿನಲ್ಲಿ ಮಲಗಿಸಿ, ಉಡುಪು ಬಿಚ್ಚಿ, ಕಂಕುಳಿಗೆ ಐಸು ಇಟ್ಟಿದ್ದರು. ಮೆಡಿಕಲ್ ವಿಭಾಗದ ಹುಡುಗಿ ಒಬ್ಬಳು ಬಾಯಿಗೆ ಬಾಟಲಿ ಹಿಡಿದಳು. ನಾನು ಹಲ್ಲು ಕಚ್ಚಿಕೊಂಡೆ. ಅವಳು ಕುಡಿಸಲು ನೋಡುತ್ತಾಳೆ, ನಾನು ಮುಖ ತಿರುಗಿಸುತ್ತೇನೆ. ಥೇಟ್ ಹರಳೆಣ್ಣೆ ಕುಡಿಯಲೊಲ್ಲದ ಮಗುವಿನ ಹಾಗೆ. ಸಾರ್ಜೆಂಟ್ ಓಡಿ ಬಂದಳು. ‘ಲಾಕರಿನಲ್ಲಿ ನನ್ನ ಡಬ್ಬಿ ಇದೆ. ಮೊದಲು ಅದು ಕೊಡಿ’ ಎಂದೆ. ಔಷಧಿ ಎಂದುಕೊಂಡರೇನೋ, ಒಬ್ಬರು ಓಡಿಹೋಗಿ ತಂದರು. ಕರಡಿಗೆ ತೆಗೆದು ಕೊರಳಿಗೆ ಹಾಕಿಕೊಂಡೆ. ಹಾಕಿಕೊಂಡವಳೇ ಬಾಟಲಿ ಕಸಿದು ಗಟಗಟ ಕುಡಿದೆ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದೆ. ಸುತ್ತ ನಿಂತವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಸಾರ್ಜೆಂಟ್ ಎಲ್ಲರನ್ನೂ ಕಳಿಸಿ ನನ್ನ ಪಕ್ಕದಲ್ಲಿ ನೆಲಕ್ಕೆ ಕೂತಳು. ‘ಈಗ ಹೇಳು’ ಎಂದಳು. ಹೇಳಿದೆ. ಅವಳ ಮುಖ ಕೆಂಪಾಯಿತು. ‘ನಿನ್ನ ದೇವರ ಬಗ್ಗೆ ನನಗೆ ಸಿಟ್ಟಿಲ್ಲ, ಆ ಬಾಟಲಿಯ ಬಗ್ಗೆ ಸಿಟ್ಟು. ಕುಡಿದ ಹಾಗೆ ನಟಿಸಿದೆಯಲ್ಲ? ಒಳಗೆ ನೀನು ಬಿದ್ದರೆ ನಿನ್ನ ಹಿಂದಿನವನು ಪೈಪು ಹಿಡೀಬೇಕಾ, ನಿನ್ನನ್ನು ಹಿಡೀಬೇಕಾ?’

ಖಾಲಿ ಬಾಟಲಿಯನ್ನು ಪಕ್ಕಕ್ಕಿಟ್ಟೆ. ಅವಳೇ ಮುಂದುವರಿಸಿದಳು, ‘ನಾನೂ ಒಂದು ತಿಂಗಳು ರೋಜಾ ಉಪವಾಸ ಇರ್ತೀನಿ. ಆ ತಿಂಗಳಲ್ಲಿ ಬೆಂಕಿಯ ದಿನ ಬಂದರೆ ಏನು ಮಾಡಬೇಕು ಅಂತ ಮೊದಲೇ ನಮ್ಮ ತಾಯಿಯನ್ನ ಕೇಳಿಕೊಂಡು ಬರ್ತೀನಿ. ನೀನು ಯಾರನ್ನ ಕೇಳಿದೆ?’

‘ನಮ್ಮ ಅಜ್ಜಿ ಹೇಳಿದ್ದು.’

‘ಅಜ್ಜಿಗೆ ಬೆಂಕಿಯ ವಿಷಯ ಹೇಳಿದೆಯಾ?’

‘ಅಜ್ಜಿ ಈಗಿಲ್ಲ.’

‘ಇರೋರನ್ನ ಕೇಳು ಲಾ!’ ಎಂದು ಎದ್ದು ನಿಂತಳು. ಮುಂದಿನ ಶನಿವಾರ ಇನ್ನೊಂದು ತಂಡ ಬರುತ್ತದೆ, ಅವರ ಜೊತೆ ಒಂದು ಅವಕಾಶ. ಅಂದೂ ಆಗದಿದ್ದರೆ ಬೆಂಕಿ ತಂಡದ ಆಸೆ ಬಿಡಬೇಕು, ಉಗ್ರಾಣದಲ್ಲಿ ಕೂತು ಬೂಟು, ಹೊದಿಕೆ ಕೊಡುವ ಕೆಲಸ ಎಂದಳು. ಉಗ್ರಾಣ! ಬ್ಯಾಂಕಿನ ಕುರ್ಚಿಯಿಂದ ಎದ್ದು ಬಂದು ಇನ್ನೊಂದು ಕುರ್ಚಿಯಲ್ಲಿ ಕೂರಲು ನಾನು ಇಷ್ಟು ದೂರ ಓಡಿ ಬಂದಿದ್ದೆನೇ? ದುಃಖಕ್ಕಿಂತ ಹೆಚ್ಚಾಗಿ ನನಗೆ ಅವಮಾನವಾಯಿತು.

ಮನೆಯಲ್ಲಿ ಮುಚ್ಚಿಡಲಾಗಲಿಲ್ಲ. ತಲೆಸುತ್ತಿ ಬಿದ್ದವಳನ್ನು ಒಬ್ಬಳೇ ಕಳಿಸುವುದಿಲ್ಲ ಎಂದು ಗಂಡನಿಗೆ ಫೋನು ಮಾಡಿ ಕರೆಸಿದ್ದರು. ದಾರಿಯುದ್ದಕ್ಕೂ ಅವರು ನನ್ನ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಅಂದರು, ‘ಮುಗೀತಲ್ಲ. ಛಲೋ ಆತು.’

ಆ ‘ಛಲೋ ಆತು’ ಕೇಳಿ ನನ್ನ ಮೈ ಉರಿಯಿತು. ಚಮಚ ತಟ್ಟೆಯ ಮೇಲೆ ಕುಕ್ಕಿದೆ. ‘ಏನ ಛಲೋ ಆತ್ರೀ? ಹೆಂಡ್ತಿ ಬಿದ್ದದ್ದ ಛಲೋ ಆತೇನು? ಮುಗದಿಲ್ಲ. ಮುಂದಿನ ಶನಿವಾರ ಐತಿ’ ಎಂದೆ. ಹೇಳುತ್ತ ಹೇಳುತ್ತ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅತ್ತೆ ಅಲ್ಲೇ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಇವರಿಗೆ ಹೇಳಿದರೆ ಲಿಂಗ ತೆಗೆದದ್ದಕ್ಕೇ ಬೈಯುತ್ತಾರೆ ಎಂದು ನಾನು ಅಂಜಿದ್ದು. ಆದರೂ ಬಾಟಲಿ, ಬೂಟಿನ ಲಾಕರು, ಅಜ್ಜಿಯ ಮಾತು ಎಲ್ಲ ಹೇಳಿ ಕೇಳಿದೆ. ಕೇಳು ಎಂದು ಸಾರ್ಜೆಂಟ್ ಆಜ್ಞೆ ಮಾಡಿದ್ದಳಲ್ಲ.

‘ಅತ್ತ್ಯಾರ, ನೀವ ಹೇಳ್ರಿ. ನಾ ಏನ ಮಾಡ್ಲಿ?’

‘ಮೊದಲ ನೀರ ಕುಡಿ’ ಎಂದರು. ‘ಬೆಂಕಿ ಆರ್ಸಾಕ ಹೋಗಾಕಿ ನೀರ ಕುಡ್ಯಾಂಗಿಲ್ಲಂದ್ರ ಹೆಂಗವ್ವಾ? ನಿಮ್ಮಜ್ಜಿ ಹೇಳಿದ್ದು ಲಿಂಗ ಕಳಕೊಂಡಾಗಿನ ಮಾತು. ನೀ ಕಳಕೊಂಡಿಲ್ಲ, ತೆಗದಿಟ್ಟಿ. ಅದೂ ಎಲ್ಲಿ ಇಟ್ಟಿ? ಕಬ್ಬಿಣದ ಕಪಾಟದಾಗ, ಬೂಟಿನ ಬಾಜೂಕ!’ ಬೈಗುಳ ಬಂತು, ಆದರೆ ನಾನು ಎಣಿಸಿದ ಕಡೆಯಿಂದಲ್ಲ. ‘ಅದರ ಜಾಗಾ ಅಂಗೈ. ನಿನ್ನ ಅಂಗೈ ಖಾಲಿ ಇರ್ದಿದ್ರ ಮನ್ಯಾಗಿನ ಇನ್ನೊಬ್ಬರ ಅಂಗೈ ಐತಿ.’

‘ನೀವ ಹಿಡ್ಕೋತೀರೇನ್ರಿ?’

‘ನಂದ ನನಗೈತಿ. ಒಂದ ಅಂಗೈಯಾಗ ಎರಡು ಹೆಂಗ ಹಿಡೀಲಿ?’ ಎಂದು ಅತ್ತೆ ಮಗನ ಕಡೆ ತಿರುಗಿದರು. ‘ತಮ್ಮಾ, ನಿನ್ನ ಕೈ ಖಾಲಿ ಅದಾವಲ್ಲ.’

ನನ್ನ ಗಂಡ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಲಿಂಗ ತೆಗೆದಿಟ್ಟವರು ಮತ್ತೆ ಕಟ್ಟಿಕೊಂಡಿಲ್ಲ. ಅತ್ತೆ ಅದರ ಬಗ್ಗೆ ಒಂದು ದಿನವೂ ತಗಾದೆ ತೆಗೆದಿರಲಿಲ್ಲ. ಗಂಡ ಗಡ್ಡ ಕೆರೆದುಕೊಂಡರು. ‘ಅವ್ವಾ, ನಾ ಇದಕ್ಕ ಬ್ಯಾಡ ಅಂದಾಂವ. ನಂಗ ಹಿಡಕೊಂಡ ಕೂಡು ಅಂತೀಯಲ್ಲ.’

‘ಬ್ಯಾಡ ಅನ್ನಾಕ ಬಾಯಿ ಐತಿ. ಹಿಡ್ಯಾಕ ಕೈ ಐತಿ. ಮೈ ತೊಳಕೊಂಡ ಹೋಗಿ ಕೂಡು.’

‘ಅಪ್ಪಾ, ಜಸ್ಟ್ ಹೋಲ್ಡ್ ಮಾಡೋದು ಲಾ, ಅದೇನು ಡಿಫಿಕಲ್ಟ್?’ ಎಂದಳು ಮಗಳು. ಮೂವರು ಹೆಂಗಸರು ಒಂದಾದ ಮನೆಯಲ್ಲಿ ಗಂಡಸು ಎಷ್ಟು ಹೊತ್ತು ತಾಳಿಯಾನು? ಅವರು ಎದ್ದು ಒಳಗೆ ಹೋದರು. ಸುಮ್ಮನಾದರೆ ಏನರ್ಥ ಎಂದು ಆಗಲೇ ಹೇಳಿದ್ದೇನೆ.

ಶನಿವಾರ ಬೆಳಿಗ್ಗೆ ಹೊಟ್ಟೆ ತುಂಬ ಅವಲಕ್ಕಿ ತಿಂದು, ನೀರು ಕುಡಿದು, ಪೂಜೆ ಮಾಡಿ ಹೊರಟೆ. ನೌಕಾನೆಲೆಯ ಗೇಟಿನ ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಎದುರಿಗೆ ಒಂದು ಬಸ್ ಸ್ಟಾಪಿದೆ. ಗಂಡ ಮೀಟಿಂಗಿಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಅದರ ಬೆಂಚಿನ ಮೇಲೆ ಕೂತರು. ಅವರ ಎಡ ಅಂಗೈ ಮೇಲೆ ಅತ್ತೆ ಕೊಟ್ಟ ಬಿಳಿ ಬಟ್ಟೆ ಹಾಸಿ ಕರಡಿಗೆ ಇಟ್ಟೆ. ಅವರು ಬೆರಳು ಮಡಿಸಿಕೊಂಡರು. ‘ಹೋಗಿ ಬಾ’ ಎಂದರು, ಅಷ್ಟೇ. ನನಗೆ ಅಳುಕಿರಲಿಲ್ಲ. ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ಆದರೆ ಅದು ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಹೋದವರ ಢವಢವ.

ವಾಟರ್ ಪರೇಡಿನಲ್ಲಿ ಸಾರ್ಜೆಂಟ್ ಬಂದು ನನ್ನೆದುರಿಗೇ ನಿಂತಳು. ನಾನು ಒಂದೇ ಉಸಿರಿಗೆ ಕುಡಿದು ಬಾಟಲಿ ಬೋರಲು ಹಾಕಿದೆ. ಒಂದು ಹನಿಯೂ ಬೀಳಲಿಲ್ಲ. ‘ಯಾರನ್ನ ಕೇಳಿದೆ?’ ಎಂದಳು. ‘ಅತ್ತೆಯನ್ನ’ ಎಂದೆ. ‘ಅತ್ತೆ ಸಾರ್ಜೆಂಟ್ ಆಗಬೇಕಿತ್ತು ಲಾ’ ಎಂದು ಮುಂದಕ್ಕೆ ಹೋದಳು.

ಆಮೇಲೆ ಬೆಂಕಿ. ಅದನ್ನು ಹೇಗೆ ಹೇಳಲಿ? ನನ್ನ ಕೈಯಲ್ಲಿ ಪೈಪಿನ ತುದಿಯ ನಾಝಲ್, ನನ್ನ ಹಿಂದೆ ಬೇಕರಿ ಹುಡುಗ. ಅವನೂ ಹಿಂದಿನ ವಾರ ತನ್ನ ಸರದಿ ಬಿಟ್ಟು ಬಂದಿದ್ದ, ನನ್ನನ್ನು ಎತ್ತಿಕೊಂಡು ಹೋದವರಲ್ಲಿ ಅವನೊಬ್ಬ. ಬಾಗಿಲಿಗೆ ಕೈಯ ಹಿಂಬದಿ ಹಿಡಿದು ಎಷ್ಟು ಕಾದಿದೆ ಎಂದು ನೋಡಿದೆವು. ತೆರೆದ ಕೂಡಲೇ ಹೊಗೆ ಮುಖಕ್ಕೆ ಬಂದು ಹೊಡೆಯಿತು. ಮಂಡಿಯೂರಿ ನೆಲ ಹಿಡಿದೆವು. ಮೇಲೆ ಬಿಸಿ, ಕೆಳಗೆ ಸ್ವಲ್ಪ ತಂಪು. ನಿಂತರೆ ಸುಟ್ಟುಹೋಗುತ್ತೇವೆ. ನನ್ನ ಉಸಿರು ನನ್ನ ಮುಖವಾಡದೊಳಗೆ ಬುಸ್ ಬುಸ್ ಎನ್ನುತ್ತಿತ್ತು. ಕಣ್ಣಿಗೆ ಏನೂ ಕಾಣುವುದಿಲ್ಲ, ಪೈಪು ಹೋದ ಕಡೆಯೇ ದಾರಿ. ಒಂದು ತಿರುವು ದಾಟಿದೆವು, ಏಣಿ ಇಳಿದೆವು. ಅಲ್ಲಿ ಇತ್ತು.

ಇಷ್ಟು ದೊಡ್ಡ ಬೆಂಕಿಯನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ನೆಲದಿಂದ ಎದ್ದು ಛಾವಣಿ ನೆಕ್ಕಿ, ನಮ್ಮ ತಲೆಯ ಮೇಲೆ ಹಾದು ಹಿಂದಕ್ಕೆ ಹರಿಯುತ್ತಿತ್ತು. ಚೆಂದವಿತ್ತು, ಹೇಳಲು ನಾಚಿಕೆ ಯಾಕೆ? ‘ಈಗ!’ ಎಂದು ಹಿಂದಿನಿಂದ ಕೂಗಿದರು. ನಾಝಲ್ ತೆರೆದೆ. ಪೈಪು ಹಗ್ಗ ಕಿತ್ತ ಎತ್ತಿನ ಹಾಗೆ ನನ್ನನ್ನು ಹಿಂದಕ್ಕೆ ತಳ್ಳಿತು. ಹುಡುಗ ಬೆನ್ನಿಗೆ ಭುಜ ಕೊಟ್ಟು ತಡೆದ. ಮೊದಲು ಛಾವಣಿಗೆ, ಆಮೇಲೆ ಗೋಡೆಗೆ, ಆಮೇಲೆ ಬುಡಕ್ಕೆ ಎಂದು ಕಲಿಸಿದ್ದರು. ನಾನು ಉತ್ಸಾಹದಲ್ಲಿ ನೇರ ಬುಡಕ್ಕೇ ಬಿಟ್ಟೆ. ಆವಿ ಎದ್ದು ಕಿವಿ ಚುರುಗುಟ್ಟಿತು. ‘ಮೇಲೆ ಆಂಟಿ, ಮೇಲೆ!’ ಎಂದು ಹುಡುಗ ಬೊಬ್ಬೆ ಹೊಡೆದ. ಮೇಲಕ್ಕೆ ತಿರುಗಿಸಿದೆ. ನೀರು ಮಳೆಯಾಗಿ ಇಳಿಯಿತು. ಕೆಂಪು ಹಳದಿಯಾಯಿತು, ಹಳದಿ ಕಪ್ಪಾಯಿತು, ಕಪ್ಪಿನೊಳಗೆ ಒಂದು ಕಡೆ ಮತ್ತೆ ಹೊತ್ತಿತು, ಅಲ್ಲಿಗೆ ಹೊಡೆದೆ. ಸಾಕು ಎಂದು ಆಜ್ಞೆ ಬಂದದ್ದೇ ನಾಝಲ್ ಮುಚ್ಚಿದೆ. ಹಡಗು ವಾಲಬಾರದಲ್ಲ. ಬೇರೆ ಇಬ್ಬರು ಆಗಲೇ ಪಂಪು ಹಚ್ಚಿ ನೀರು ಹೊರಗೆ ಎಳೆಯುತ್ತಿದ್ದರು.

ಹೊರಗೆ ಬಂದು ಮುಖವಾಡ ಕಿತ್ತು ಹಾಕಿ ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಕನ್ನಡದಲ್ಲೇ ಕೂಗಿದೆನಂತೆ. ಬೇಕರಿ ಹುಡುಗ ನನ್ನ ಹೆಲ್ಮೆಟ್ಟಿಗೆ ತನ್ನ ಹೆಲ್ಮೆಟ್ಟು ಡಿಕ್ಕಿ ಹೊಡೆದ. ಸಾರ್ಜೆಂಟ್ ನನ್ನ ಕಿವಿ ನೋಡಿ, ಮುಲಾಮು ಹಚ್ಚಲು ಹೇಳಿ, ‘ಬುಡಕ್ಕೆ ಮೊದಲು ಹೊಡೆದದ್ದು ತಪ್ಪು. ಮುಚ್ಚಿದ್ದು ಸರಿಯಾದ ಹೊತ್ತಿಗೆ. ಮುಂದಿನ ತಿಂಗಳು ಹಡಗಿನ ಮೇಲೆ ಬಾ, ಬೆಂಕಿ ತಂಡಕ್ಕೆ’ ಎಂದಳು. ಉಗ್ರಾಣ ತಪ್ಪಿತು. ನನಗೆ ಅವಳನ್ನು ಎತ್ತಿಕೊಂಡು ತಿರುಗಿಸಬೇಕೆನಿಸಿತು. ಸಾರ್ಜೆಂಟಳನ್ನು ಎತ್ತಬಾರದು ಎಂಬ ನಿಯಮ ಇದ್ದೇ ಇರುತ್ತದೆ ಎಂದು ಸುಮ್ಮನಾದೆ.

ಕೈ ಮುಖ ತೊಳೆದು ಗೇಟಿನ ಹೊರಗೆ ಓಡಿದೆ. ಸುದ್ದಿ ಬಾಯಿಯಿಂದ ಹಾರಲು ತಯಾರಾಗಿತ್ತು. ಗಂಡ ಬೆಂಚಿನ ಮೇಲಿರಲಿಲ್ಲ. ಗೇಟಿನ ಪಕ್ಕದಲ್ಲೇ ಕಾವಲುಗಾರನ ಹತ್ತಿರ ನಿಂತಿದ್ದರು. ಇಸ್ತ್ರಿ ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಎಡಗೈ ಮುಷ್ಟಿ ಎದೆಗೆ ಒತ್ತಿ ಹಿಡಿದಿದ್ದರು.

‘ಏನಾತ್ರೀ?’

‘ಗ್ವಾಡಿ ಮ್ಯಾಲಿಂದ ಹೊಗಿ ಕಾಣಿಸ್ತು. ಕರೀ ಹೊಗಿ. ಒಳಗ ಬಿಡು ಅಂದ್ರ ಇಂವ ಬಿಡವೊಲ್ಲ.’

‘ಅದು ಅವರ ಹಚ್ಚಿದ್ದರೀ. ನಿಮಗ ಗೊತ್ತಿತ್ತಲ್ಲ.’

‘ಗೊತ್ತಿತ್ತು’ ಎಂದರು. ನನ್ನ ಕೆಂಪಾದ ಕಿವಿಯನ್ನು ಬಲಗೈಯಿಂದ ಮುಟ್ಟಿ ನೋಡಿದರು. ಎಡ ಮುಷ್ಟಿ ಮಾತ್ರ ಸಡಿಲಿಸಲಿಲ್ಲ. ಪಾಸಾದೆ ಎಂದು ಹೇಳಿದೆ. ಗೋಣು ಹಾಕಿದರು, ನಕ್ಕರು ಕೂಡ. ಆಮೇಲೆ, ಏನೋ ಬಹಳ ದಿನದಿಂದ ಕೇಳಬೇಕೆಂದಿದ್ದವರ ಹಾಗೆ ಮೆತ್ತಗೆ ಕೇಳಿದರು, ‘ನಾ ದಿನಾ ಹೋಗ್ತೀನಲ್ಲ ಪ್ಲಾಂಟಿಗೆ. ನಿನಗ ಹಿಂಗ ಅಂಜಿಕಿ ಆಗೂದಿಲ್ಲೇನು?’

ಇಷ್ಟು ವರ್ಷ ದಿನಾ ಬೆಳಿಗ್ಗೆ ಅವರು ಬ್ಯಾಗು ಹಿಡಿದು ಹೊರಟಾಗ ನಾನು ಹೇಳುತ್ತಿದ್ದದ್ದು, ಬರುವಾಗ ಕೊತ್ತಂಬರಿ ತನ್ನಿ, ಛತ್ರಿ ಮರೆಯಬೇಡಿ. ಅವರು ಎಲ್ಲಿಗೆ ಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಅಲ್ಲಿ ಏನಿದೆ ಎಂದು ಇವತ್ತು ಗೊತ್ತಾಗಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

‘ಇಲ್ಲೀತನಕ ಆಗ್ತಿರಲಿಲ್ಲರೀ’ ಎಂದೆ. ‘ಇನ್ನ ಆಗ್ತೈತಿ.’